ಬೀಚ್ ಹತ್ತಿರ ‘ನವೀಕರಿಸಿದ 2 ಬಿಎಚ್‌ಕೆ’ ಮಾರಾಟಕ್ಕಿದೆ: ಫಾರ್ವರ್ಡ್ ನಂಬಿ ಮುಂಗಡ ಕೊಡುವ ಮೊದಲು ಇದನ್ನು ಓದಿ

“ಮಂಗಳೂರಿನಲ್ಲಿ ಬೀಚ್‌ಗೆ ಕೇವಲ 5 ನಿಮಿಷ. ಸಂಪೂರ್ಣ ನವೀಕರಿಸಿದ 2 ಬಿಎಚ್‌ಕೆ ಫ್ಲ್ಯಾಟ್. 1,100 ಚದರಡಿ. ಜಿಎಸ್‌ಟಿ ಇಲ್ಲ. ರೆರಾ ಅಪ್ರೂವ್ಡ್. ಮಾಲೀಕರು ವಿದೇಶದಲ್ಲಿದ್ದಾರೆ, ತುರ್ತು ಮಾರಾಟ. ಬೇಕಾದವರಿಗೆ ತಲುಪಿಸಿ.”

ಪುತ್ತೂರು, ಸುಳ್ಯ, ಕಡಬ ಕಡೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಅಡಿಕೆ ಧಾರಣೆಯ ಮೆಸೇಜುಗಳ ನಡುವೆ ಇಂಥ ಧಾಟಿಯ ಫಾರ್ವರ್ಡ್‌ಗಳು ಬರುತ್ತಲೇ ಇರುತ್ತವೆ. ಓದಿದವರಿಗೆ ಆಸೆ ಹುಟ್ಟುವುದು ಸಹಜ. ಮಗಳ ಕಾಲೇಜು ಮಂಗಳೂರಿನಲ್ಲಿ, ಅಪ್ಪನ ಡಯಾಲಿಸಿಸ್ ಮಂಗಳೂರಿನಲ್ಲಿ, ಅಂದಮೇಲೆ ಅಲ್ಲೊಂದು ಮನೆ ಇರಲಿ ಎಂದುಕೊಳ್ಳುವ ಕುಟುಂಬಗಳು ಈ ಭಾಗದಲ್ಲಿ ಸಾಕಷ್ಟಿವೆ. ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ ಬಂದು ತೋಟದ ಮೇಲಿನ ಭರವಸೆ ಕಡಿಮೆಯಾದವರು ‘ಬಾಡಿಗೆಯಾದರೂ ಬರುತ್ತದೆ’ ಎಂಬ ಲೆಕ್ಕ ಹಾಕುತ್ತಾರೆ. ಹತ್ತಾರು ವರ್ಷದ ಅಡಿಕೆ ದುಡ್ಡು, ಕೆಲವೊಮ್ಮೆ ಒಂದು ತುಂಡು ತೋಟ ಮಾರಿದ ದುಡ್ಡು, ಒಂದೇ ಸಹಿಯಲ್ಲಿ ಹೋಗುತ್ತದೆ. ಆದ್ದರಿಂದ ಈ ನಾಲ್ಕು ಸಾಲಿನ ಮೆಸೇಜಿನಲ್ಲಿ ನಿಜ ಎಷ್ಟು, ಅರ್ಥವೇ ಇಲ್ಲದ ಮಾತು ಎಷ್ಟು ಎಂದು ನಾವು ಒಂದೊಂದಾಗಿ ನೋಡಿದ್ದೇವೆ.

‘ಸಂಪೂರ್ಣ ನವೀಕರಿಸಿದ’ ಅಂದರೆ ನವೀಕರಿಸಿದ್ದು ಏನನ್ನು?

ಈ ಮಾತಿಗೆ ಕಾನೂನಿನಲ್ಲಿ ಯಾವ ಅಳತೆಯೂ ಇಲ್ಲ. ಗೋಡೆಗೆ ಪುಟ್ಟಿ ಹಾಕಿ ಪೇಂಟ್ ಹೊಡೆದು, ಬಾತ್‌ರೂಮಿಗೆ ಹೊಸ ಟೈಲ್ಸ್ ಕೂರಿಸಿ, ಅಡುಗೆಮನೆಗೆ ಮಾಡ್ಯುಲರ್ ಕಿಚನ್, ಹಾಲಿಗೆ ಫಾಲ್ಸ್ ಸೀಲಿಂಗ್ ಮಾಡಿದರೂ ಅದು ನವೀಕರಣವೇ. ಇದರಲ್ಲಿ ಮೋಸ ಇದೆ ಎಂದು ನಾವು ಹೇಳುತ್ತಿಲ್ಲ. ಆದರೆ ಫ್ಲ್ಯಾಟ್ ಮಾಲೀಕರು ನವೀಕರಿಸಬಹುದಾದದ್ದು ತಮ್ಮ ನಾಲ್ಕು ಗೋಡೆಯ ಒಳಗನ್ನು ಮಾತ್ರ. ಆ ಫ್ಲ್ಯಾಟನ್ನು ಹೊತ್ತು ನಿಂತ ಕಂಬ, ತೊಲೆ, ಸ್ಲ್ಯಾಬ್, ಟೆರೇಸ್, ನೀರಿನ ಟ್ಯಾಂಕ್ ಇವೆಲ್ಲ ಇಡೀ ಕಟ್ಟಡದವರ ಸಾಮಾನ್ಯ ಸ್ವತ್ತು. ಫ್ಲ್ಯಾಟ್ ಹೊಸದಾಗಬಹುದು, ಕಟ್ಟಡ ಹಳೆಯದಾಗಿಯೇ ಇರುತ್ತದೆ. ಸಮುದ್ರದ ಬದಿಯಲ್ಲಿ ಹಾಳಾಗುವುದು ಮುಖ್ಯವಾಗಿ ಈ ಎರಡನೆಯ ಭಾಗವೇ.

ನಮ್ಮ ಕಡೆಯವರು ಇಲ್ಲಿ ಎಡವಲು ಒಂದು ಕಾರಣ ಇದೆ. ಪುತ್ತೂರು, ಸುಳ್ಯದ ಹಳೆಯ ಮನೆಗಳೆಂದರೆ ಕೆಂಪುಕಲ್ಲಿನ ಗೋಡೆ, ಮರದ ಪಕ್ಕಾಸು, ಮಂಗಳೂರು ಹಂಚು. ಅದರೊಳಗೆ ಕಬ್ಬಿಣ ಇಲ್ಲವೆಂದೇ ಹೇಳಬೇಕು. ಮನೆ ನೋಡುವಾಗ ಗೆದ್ದಲು ಇದೆಯೇ, ಮಾಡು ಸೋರುತ್ತದೆಯೇ ಎಂದು ನೋಡಿ ನಮಗೆ ರೂಢಿ. ಕಾಂಕ್ರೀಟಿನ ಒಳಗಿನ ತುಕ್ಕು ನಮ್ಮ ಕಣ್ಣಿಗೆ ಅಷ್ಟು ಪರಿಚಯದ್ದಲ್ಲ.

ಉಪ್ಪುಗಾಳಿ ಕಬ್ಬಿಣವನ್ನು ತಿನ್ನುವ ಬಗೆ

ಸಿಮೆಂಟ್ ಕ್ಷಾರ ಗುಣದ್ದು. ಹೊಸ ಕಾಂಕ್ರೀಟಿನ ಪಿಎಚ್ 12ರಿಂದ 13ರ ವರೆಗೆ ಇರುತ್ತದೆ. ಈ ಕ್ಷಾರದಲ್ಲಿ ಕಬ್ಬಿಣದ ಸರಳಿನ ಮೇಲೆ ಕಣ್ಣಿಗೆ ಕಾಣದ ಒಂದು ತೆಳು ಪದರ ಉಂಟಾಗಿ ತುಕ್ಕು ಹಿಡಿಯದಂತೆ ಕಾಯುತ್ತದೆ. ಒಳನಾಡಿನಲ್ಲಿ ಈ ಕಾವಲು ದೀರ್ಘ ಕಾಲ ಉಳಿಯುತ್ತದೆ. ಸಮುದ್ರದ ಬದಿಯಲ್ಲಿ ಹಾಗಲ್ಲ. ಅಲೆ ಒಡೆಯುವಾಗ ಹಾರುವ ಸಣ್ಣ ಹನಿಗಳು ಆರಿ ಉಪ್ಪಿನ ಕಣಗಳಾಗಿ ಗಾಳಿಯೊಂದಿಗೆ ಬರುತ್ತವೆ, ಗೋಡೆ ಮತ್ತು ಸ್ಲ್ಯಾಬಿನ ಮೇಲೆ ಕೂರುತ್ತವೆ. ಮಳೆ, ತೇವದ ಜೊತೆ ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಒಳಗಿಳಿಯುತ್ತದೆ. ವರ್ಷಗಟ್ಟಲೆ ಇಳಿದು ಒಂದು ದಿನ ಸರಳನ್ನು ಮುಟ್ಟಿ ಆ ರಕ್ಷಣಾ ಪದರವನ್ನು ಒಡೆಯುತ್ತದೆ.

ಆಮೇಲೆ ಕೆಲಸ ಬೇಗ ಸಾಗುತ್ತದೆ. ಕಬ್ಬಿಣ ತುಕ್ಕಾದಾಗ ಅದು ಮೊದಲಿಗಿಂತ 2ರಿಂದ 6 ಪಟ್ಟು ಜಾಗ ಕೇಳುತ್ತದೆ. ಒಳಗಿನಿಂದ ಉಬ್ಬಿದ ತುಕ್ಕು ಕಾಂಕ್ರೀಟನ್ನು ಒಡೆಯುತ್ತದೆ. ಮೊದಲು ಸರಳಿನ ಉದ್ದಕ್ಕೂ ನೇರ ಬಿರುಕು, ನಂತರ ಕಂದು ಕಲೆ, ಕೊನೆಗೆ ಚಕ್ಕೆ ಚಕ್ಕೆಯಾಗಿ ಬೀಳುವ ಸ್ಲ್ಯಾಬ್. ಹೊರಗೆ ಮೊದಲ ಬಿರುಕು ಕಾಣುವ ಹೊತ್ತಿಗೆ ಒಳಗೆ ತುಕ್ಕಿನ ಕೆಲಸ ಶುರುವಾಗಿ ತುಂಬಾ ದಿನ ಆಗಿರುತ್ತದೆ.

ಕಾಂಕ್ರೀಟ್ ಕಟ್ಟಡಗಳಿಗೆ ನಮ್ಮ ದೇಶದ ಮೂಲ ನಿಯಮ ಐಎಸ್ 456. ಇದರ 2000ನೇ ಇಸವಿಯ ಆವೃತ್ತಿ ಕಟ್ಟಡದ ಸುತ್ತಲಿನ ವಾತಾವರಣವನ್ನು ಐದು ದರ್ಜೆ ಮಾಡುತ್ತದೆ. ಒಳನಾಡಿನ ಸೌಮ್ಯ ವಾತಾವರಣದಲ್ಲಿ ಸರಳಿನ ಹೊರಗೆ 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇದ್ದರೆ ಸಾಕು. ಕರಾವಳಿಯ ಗಾಳಿಗೆ ತೆರೆದುಕೊಂಡ ಭಾಗಕ್ಕೆ 45 ಮಿಲಿಮೀಟರ್, ಸಮುದ್ರದ ತುಂತುರು ತಾಗುವ ಕಡೆ 50 ಮಿಲಿಮೀಟರ್ ಬೇಕು. ಕಾಂಕ್ರೀಟಿನ ದರ್ಜೆಯೂ ಎಂ20 ಬದಲು ಎಂ30, ಎಂ35 ಆಗಬೇಕು. ಹಾಗಾಗಿ ನೀವು ನೋಡುವ ಫ್ಲ್ಯಾಟ್ 2000ಕ್ಕಿಂತ ಮೊದಲು ಕಟ್ಟಿದ್ದೇ, ಆಮೇಲೆ ಕಟ್ಟಿದ್ದೇ ಎಂಬುದು ಟೈಲ್ಸಿನ ಬಣ್ಣಕ್ಕಿಂತ ದೊಡ್ಡ ಪ್ರಶ್ನೆ. ಮೆಸೇಜಿನಲ್ಲಿ ಅದನ್ನು ಬರೆದಿರುವುದಿಲ್ಲ.

ಇನ್ನೊಂದು ಬಾಗಿಲಿನಿಂದಲೂ ಉಪ್ಪು ಬರುತ್ತದೆ: ಮರಳು. ಉಬ್ಬರದ ನೀರು ಏರುವ ಅಳಿವೆ ಭಾಗದ ಮರಳಿನಲ್ಲಿ ಉಪ್ಪಿನ ಅಂಶ ಇರುತ್ತದೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಬಳಸಿದರೆ ತೊಂದರೆ ಇಲ್ಲ, ತೊಳೆಯದೆ ಬಳಸಿದರೆ ಮೊದಲ ದಿನದಿಂದಲೇ ಶತ್ರು ಒಳಗಿದ್ದಂತೆ. ಒಂದು ಘನ ಮೀಟರ್ ಆರ್‌ಸಿಸಿಯಲ್ಲಿ ಕ್ಲೋರೈಡ್ 0.6 ಕಿಲೋ ಮೀರಬಾರದು ಎನ್ನುತ್ತದೆ ಅದೇ ಐಎಸ್ 456.

‘ಬಿರುಕಿತ್ತು, ರಿಪೇರಿ ಮಾಡಿಸಿದ್ದೇವೆ’ ಎಂದರೆ ನೆಮ್ಮದಿಯೇ?

ಅರ್ಧ ಮಾತ್ರ. ಚಕ್ಕೆ ಬಿದ್ದ ಜಾಗಕ್ಕೆ ಸಿಮೆಂಟ್ ಮೆತ್ತಿ ಸಾರಣೆ ಮಾಡಿದರೆ ಅಲ್ಲಿ ಹೊಸ ಕ್ಷಾರದ ರಕ್ಷಣೆ ಸಿಗುತ್ತದೆ ನಿಜ. ಆದರೆ ಅದೇ ಸರಳಿನ ಮುಂದಿನ ಭಾಗ ಇನ್ನೂ ಉಪ್ಪು ತುಂಬಿದ ಹಳೆಯ ಕಾಂಕ್ರೀಟಿನಲ್ಲಿಯೇ ಇರುತ್ತದೆ. ಒಂದೇ ಕಬ್ಬಿಣ ಎರಡು ಬೇರೆ ವಾತಾವರಣದಲ್ಲಿದ್ದಾಗ ಅದು ಸಣ್ಣ ಬ್ಯಾಟರಿಯಂತೆ ವರ್ತಿಸಿ, ತೇಪೆಯ ಅಂಚಿನ ಪಕ್ಕದಲ್ಲೇ ಹೊಸದಾಗಿ ತುಕ್ಕು ಹಿಡಿಯುತ್ತದೆ. ತೇಪೆ ಗಟ್ಟಿಯಾಗಿದ್ದು ಸುತ್ತಲೂ ಬಿರುಕು ಮೂಡುವುದು ಇದರಿಂದಲೇ. ಸರಿಯಾದ ದುರಸ್ತಿ ಅಂದರೆ ಸರಳಿನ ಹಿಂಬದಿಯ ತನಕ ಹಾಳಾದ ಕಾಂಕ್ರೀಟ್ ಒಡೆದು, ತುಕ್ಕು ಪೂರ್ತಿ ತೆಗೆದು, ತೆಳುವಾದ ಸರಳಿಗೆ ಹೊಸ ಸರಳು ಜೋಡಿಸಿ, ಲೇಪ ಕೊಟ್ಟು, ಪಾಲಿಮರ್ ಗಾರೆಯಲ್ಲಿ ಮುಚ್ಚುವುದು. ಉಪ್ಪು ಜಾಸ್ತಿ ಇದ್ದರೆ ಸತುವಿನ ಆನೋಡ್ ಕೂಡ ಇಡುತ್ತಾರೆ. ಇದು ದುಬಾರಿ ಕೆಲಸ, ಮಾಡಿಸಿದವರ ಬಳಿ ಬಿಲ್ಲು, ಫೋಟೊ ಇದ್ದೇ ಇರುತ್ತದೆ. ಕೇಳಿ ನೋಡಿ.

ಎಲ್ಲಿ ನೋಡಬೇಕು?

ಬ್ರೋಕರ್ ತೋರಿಸುವ ಹಾಲ್, ಬೆಡ್‌ರೂಮ್ ನೋಡಿದ್ದು ಸಾಕು, ಕೆಳಗೆ ಪಾರ್ಕಿಂಗ್‌ಗೆ ಇಳಿಯಿರಿ. ಕಟ್ಟಡದ ನಿಜವಾದ ವಯಸ್ಸು ಕಾಣುವುದು ಅಲ್ಲಿ. ಕಂಬಗಳ ಬುಡದಲ್ಲಿ ಉದ್ದುದ್ದ ಬಿರುಕು, ತೊಲೆಯ ಅಡಿಯಲ್ಲಿ ಕಂದು ಗೆರೆ, ಅಲ್ಲಲ್ಲಿ ಬಣ್ಣ ಬೇರೆಯಾದ ತೇಪೆ ಇವೆಯೇ ನೋಡಿ. ನಂತರ ಮೆಟ್ಟಿಲು ಹತ್ತಿ ಹೋಗಿ, ಲಿಫ್ಟ್ ಬೇಡ. ಪ್ರತಿ ಮೆಟ್ಟಿಲ ಸ್ಲ್ಯಾಬಿನ ಅಡಿಭಾಗ, ಸಮುದ್ರದ ಕಡೆಯ ಬಾಲ್ಕನಿಗಳ ಅಡಿಭಾಗ, ಟೆರೇಸಿನ ಟ್ಯಾಂಕಿನ ಕಂಬಗಳು. ಮಂಗಳೂರಿನ ಹಲವು ಅಪಾರ್ಟ್‌ಮೆಂಟ್‌ಗಳ ಟೆರೇಸಿಗೆ ತಗಡಿನ ಶೀಟ್ ಹಾಕಿರುತ್ತಾರೆ. ಶೀಟ್ ಹಾಕುವ ಮೊದಲು ಎಷ್ಟು ವರ್ಷ ಸೋರಿದೆ ಎಂಬುದನ್ನು ಕೊನೆಯ ಮಹಡಿಯವರೇ ಹೇಳಬೇಕು. ಸಾಧ್ಯವಾದರೆ ಅದೇ ಕಟ್ಟಡದ ನವೀಕರಿಸದ ಒಂದು ಫ್ಲ್ಯಾಟನ್ನು ನೋಡಿಬನ್ನಿ. ನೀವು ಕೊಳ್ಳುವ ಫ್ಲ್ಯಾಟ್ ಪೇಂಟಿಗೆ ಮೊದಲು ಹೇಗಿತ್ತೆಂದು ಅಲ್ಲಿ ಗೊತ್ತಾಗುತ್ತದೆ.

ಫ್ಲ್ಯಾಟಿನೊಳಗೆ ಫಾಲ್ಸ್ ಸೀಲಿಂಗ್ ಇದ್ದರೆ ಲೈಟ್ ಕೂರಿಸಿದ ಒಂದೆರಡು ರಂಧ್ರ ಬಿಚ್ಚಿಸಿ, ಟಾರ್ಚ್ ಹಾಕಿ ಸ್ಲ್ಯಾಬ್ ನೋಡಿ. ಮಾಲೀಕರು ಇದಕ್ಕೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಸ್ಲ್ಯಾಬಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಎಂದರ್ಥ. ಇದಕ್ಕೆ ಅನುಭವದ ಮೇಸ್ತ್ರಿಯ ಕಿವಿ ಸಾಕು.

ಅನುಮಾನ ಬಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ರಿಬೌಂಡ್ ಹ್ಯಾಮರ್ ಪರೀಕ್ಷೆಯೊಂದನ್ನೇ ಮಾಡಿ ‘ಕಾಂಕ್ರೀಟ್ ಗಟ್ಟಿ ಇದೆ’ ಎಂದು ವರದಿ ಕೊಟ್ಟರೆ ಒಪ್ಪಬೇಡಿ. ಅದು ಹೇಳುವುದು ಮೇಲ್ಮೈಯ ಗಟ್ಟಿತನ, ತುಕ್ಕಿನ ವಿಷಯವಲ್ಲ. ತುಕ್ಕಿಗೆ ಹಾಫ್ ಸೆಲ್ ಪರೀಕ್ಷೆ ಇದೆ. ತಾಮ್ರ-ತುತ್ತದ ಎಲೆಕ್ಟ್ರೋಡಿನಿಂದ ಅಳೆದಾಗ ಓದು ಮೈನಸ್ 350 ಮಿಲಿವೋಲ್ಟ್‌ಗಿಂತಲೂ ಕೆಳಗಿದ್ದರೆ ಅಲ್ಲಿ ತುಕ್ಕು ಸಾಗುತ್ತಿರುವ ಸಾಧ್ಯತೆ 90 ಶೇಕಡಕ್ಕಿಂತ ಹೆಚ್ಚು. ಕಾಂಕ್ರೀಟನ್ನು ಕೊರೆದು ಪುಡಿ ತೆಗೆದು ಉಪ್ಪಿನಂಶ ನೋಡುವ ಪರೀಕ್ಷೆಯೂ ಇದೆ. ಕಂಬ, ಸ್ಲ್ಯಾಬಿನ ಹೊರಭಾಗ ಸಾಮಾನ್ಯ ಸ್ವತ್ತಾದ್ದರಿಂದ ಇದಕ್ಕೆ ಅಸೋಸಿಯೇಷನ್ ಒಪ್ಪಿಗೆ ಬೇಕು. ಹೇಗೂ ಅವರನ್ನು ಭೇಟಿಯಾಗಲೇಬೇಕು: ಈ ಫ್ಲ್ಯಾಟಿನ ಬಾಕಿ ಎಷ್ಟು, ದುರಸ್ತಿ ನಿಧಿಯಲ್ಲಿ ಎಷ್ಟಿದೆ, ಕಟ್ಟಡಕ್ಕೆ ದೊಡ್ಡ ರಿಪೇರಿ ಮಾಡಿಸುವ ಚರ್ಚೆ ಸಭೆಯಲ್ಲಿ ಬಂದಿದೆಯೇ ಎಂದು ಕೇಳಲು. ದೊಡ್ಡ ರಿಪೇರಿಯ ಪಾಲು ಕಟ್ಟುವ ಮೊದಲೇ ಫ್ಲ್ಯಾಟ್ ಮಾರಿಬಿಡೋಣ ಎಂಬ ಲೆಕ್ಕಾಚಾರ ಮನುಷ್ಯಸಹಜ. ಆ ಪಾಲು ಆಮೇಲೆ ನಿಮ್ಮ ತಲೆಗೆ ಬರುತ್ತದೆ.

‘ಬೀಚ್‌ಗೆ 5 ನಿಮಿಷ’ ಒಳ್ಳೆಯದೋ ಕೆಟ್ಟದ್ದೋ?

ಕಾರಿನಲ್ಲಿ 5 ನಿಮಿಷವೋ ನಡೆದು 5 ನಿಮಿಷವೋ ಎಂದು ಮೊದಲು ಕೇಳಿ. ತಮಾಷೆ ಏನೆಂದರೆ, ಕಾರಿನಲ್ಲಿ 5 ನಿಮಿಷ ಎಂದಾದರೆ ನೀವು ಬೇಸರಪಡಬೇಕಿಲ್ಲ. ಗಾಳಿಯಲ್ಲಿ ಬರುವ ಉಪ್ಪಿನ ಹೆಚ್ಚಿನ ಪಾಲು ದಡದಿಂದ ಮೊದಲ ಕೆಲವು ನೂರು ಮೀಟರಿನಲ್ಲೇ ಇಳಿದುಬಿಡುತ್ತದೆ. ಮುಂದೆ ತೆಂಗಿನ ತೋಟವೋ ಬೇರೆ ಕಟ್ಟಡವೋ ಅಡ್ಡ ಇದ್ದರೆ ಇನ್ನೂ ಕಡಿಮೆ. ನೋಟಕ್ಕೆ ದುಡ್ಡು ಕೊಟ್ಟು ಕೊಂಡ ‘ಸೀ ವ್ಯೂ’ ಫ್ಲ್ಯಾಟೇ ಹೆಚ್ಚು ಉಪ್ಪು ತಿನ್ನುವ ಫ್ಲ್ಯಾಟ್. ಅಲ್ಲಿ ಎಸಿಯ ಹೊರಗಿನ ಯುನಿಟ್, ಕಿಟಕಿಯ ಗ್ರಿಲ್, ಬೀಗ, ಫ್ಯಾನ್ ಎಲ್ಲಕ್ಕೂ ಆಯಸ್ಸು ಕಡಿಮೆ. ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗ್ ಕೂಡ 304 ದರ್ಜೆಯದಾದರೆ ಕಂದು ಕಲೆ ಬೀಳುತ್ತದೆ, 316 ದರ್ಜೆಯದು ಹೆಚ್ಚು ತಾಳುತ್ತದೆ.

ಎರಡನೆಯದು ಕಡಲ್ಕೊರೆತ. ಉಳ್ಳಾಲ, ಸೋಮೇಶ್ವರ, ಉಚ್ಚಿಲ ಭಾಗದಲ್ಲಿ ಮಳೆಗಾಲ ಬಂತೆಂದರೆ ಮನೆ, ರಸ್ತೆ, ತೆಂಗಿನ ಮರ ಸಮುದ್ರಪಾಲಾಗುವ ಸುದ್ದಿ ನಾವೆಲ್ಲ ಓದಿದ್ದೇವೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದಲ್ಲಿ ತಡೆಗೋಡೆಗಳ ಯೋಜನೆಯೇ ನಡೆಯಿತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಈ ಕರಾವಳಿಗೆ ಮತ್ತೆ ಪೆಟ್ಟು ಬಿತ್ತು. ಮಳೆಗಾಲದ ಅಲೆ ದಡದ ಮರಳನ್ನು ಎಳೆದೊಯ್ಯುತ್ತದೆ, ಆಮೇಲಿನ ಶಾಂತ ಅಲೆಗಳು ಸ್ವಲ್ಪ ಸ್ವಲ್ಪವಾಗಿ ಮರಳಿ ತರುತ್ತವೆ. ಡಿಸೆಂಬರಿನಲ್ಲಿ ಅಗಲವಾಗಿ ಕಂಡ ಬೀಚ್ ಜುಲೈಯಲ್ಲಿ ಅಷ್ಟೇ ಅಗಲ ಇರುವುದಿಲ್ಲ.

‘ರಿಜಿಸ್ಟ್ರೇಷನ್ ಆಗಿದೆ, ಅಂದಮೇಲೆ ಎಲ್ಲ ಸರಿ ಇದೆ’

ತಪ್ಪು. ಉಪನೋಂದಣಾಧಿಕಾರಿ ನೋಂದಾಯಿಸುವುದು ಮಾರಾಟದ ಪತ್ರವನ್ನು. ಕಟ್ಟಡ ಕಾನೂನುಬದ್ಧವಾಗಿದೆ ಎಂದು ಅವರು ಪ್ರಮಾಣಪತ್ರ ಕೊಡುವುದಿಲ್ಲ.

ಸಮುದ್ರ ತೀರದಲ್ಲಿ ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಮೊದಲ ಅಧಿಸೂಚನೆ 1991ರದ್ದು, ನಂತರ 2011, 2019ರಲ್ಲಿ ಹೊಸದು ಬಂತು. ಉಬ್ಬರ ರೇಖೆಯಿಂದ ಭೂಮಿಯ ಕಡೆಗೆ 500 ಮೀಟರ್ ಈ ವಲಯಕ್ಕೆ ಸೇರುತ್ತದೆ. ಕಟ್ಟಡಗಳು ತುಂಬಿದ ನಗರ ಪ್ರದೇಶ ಸಾಮಾನ್ಯವಾಗಿ ವಲಯ 2. ಅಲ್ಲಿ ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಭೂಮಿಯ ಬದಿಗೆ ಮಾತ್ರ ಕಟ್ಟಬಹುದು. ಗ್ರಾಮೀಣ ಪ್ರದೇಶ ವಲಯ 3. ಅಲ್ಲಿ ದಡದಿಂದ ಇಂತಿಷ್ಟು ದೂರ ಏನನ್ನೂ ಕಟ್ಟುವಂತಿಲ್ಲ: 2019ರ ನಿಯಮದಲ್ಲಿ ಜನಸಾಂದ್ರತೆ ಹೆಚ್ಚಿರುವಲ್ಲಿ 50 ಮೀಟರ್, ಕಡಿಮೆ ಇರುವಲ್ಲಿ 200 ಮೀಟರ್. ಪಣಂಬೂರು, ತಣ್ಣೀರುಬಾವಿ, ಸುರತ್ಕಲ್ ಮಂಗಳೂರು ಮಹಾನಗರಪಾಲಿಕೆಯವು, ಸಸಿಹಿತ್ಲು ಹಳೆಯಂಗಡಿ ಗ್ರಾಮ ಪಂಚಾಯತಿನದು. ಎರಡೂ ಕಡೆ ‘ಬೀಚ್ ಹತ್ತಿರ’ ಎಂದೇ ಮೆಸೇಜ್ ಬರುತ್ತದೆ, ನಿಯಮ ಒಂದೇ ಇರಬೇಕೆಂದಿಲ್ಲ.

ನಿಯಮ ಸಮುದ್ರಕ್ಕೆ ಮಾತ್ರ ಅಲ್ಲ, ಉಬ್ಬರ ಏರುವ ನದಿ, ಹಿನ್ನೀರಿಗೂ ಇದೆ. ತಣ್ಣೀರುಬಾವಿ, ಬೆಂಗ್ರೆಯ ಹಿಂದೆ ಹರಿಯುವ ಫಲ್ಗುಣಿ ಅಂಥದ್ದು. ಕೇರಳದ ಮರಡಿನಲ್ಲಿ ಆದದ್ದು ಇದೇ. ಕೊಚ್ಚಿಯ ಹಿನ್ನೀರಿನ ದಡದ ನಾಲ್ಕು ಅಪಾರ್ಟ್‌ಮೆಂಟ್‌ಗಳಿಗೆ 2006ರಲ್ಲಿ ಆಗಿನ ಪಂಚಾಯತ್ ಪರವಾನಗಿ ಕೊಟ್ಟಿತ್ತು. ಜನ ಸಾಲ ಮಾಡಿ ಕೊಂಡರು, ನೋಂದಣಿ ಆಯಿತು, ತೆರಿಗೆ ಕಟ್ಟಿದರು. ಸಿಆರ್‌ಝಡ್ ಉಲ್ಲಂಘನೆ ಎಂದು 2019ರ ಮೇ 8ರಂದು ಸುಪ್ರೀಂ ಕೋರ್ಟ್ ಅವುಗಳನ್ನು ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ನೆಲಸಮ ಮಾಡಿದ ವಿಡಿಯೊವನ್ನು ನಮ್ಮಲ್ಲಿ ಹಲವರು ಫಾರ್ವರ್ಡ್ ಮಾಡಿದ್ದೂ ಇದೆ. ಫ್ಲ್ಯಾಟ್ ಕಳೆದುಕೊಂಡವರಿಗೆ ತಲಾ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಕೋರ್ಟ್ ಹೇಳಿತು. ಮಂಗಳೂರಿನ ಎಲ್ಲ ಫ್ಲ್ಯಾಟಿಗೂ ಹೀಗಾಗುತ್ತದೆ ಎಂದು ಇದರ ಅರ್ಥವಲ್ಲ, ಹಾಗೆ ಹೆದರಿಸುವ ಫಾರ್ವರ್ಡ್ ಬಂದರೆ ಅದೂ ಸುಳ್ಳೇ.

ಕೇಳಬೇಕಾದ ಕಾಗದಗಳು ಇವು: ಕಟ್ಟಡದ ಪರವಾನಗಿ ಮತ್ತು ಮಂಜೂರಾದ ನಕ್ಷೆ, ಜಾಗ ವಲಯದೊಳಗಿದ್ದರೆ ಸಿಆರ್‌ಝಡ್ ಅನುಮತಿ, ಪೂರ್ಣಗೊಂಡ ಬಗ್ಗೆ ಪ್ರಮಾಣಪತ್ರ, ಅಪಾರ್ಟ್‌ಮೆಂಟ್ ಡಿಕ್ಲರೇಷನ್ ಪತ್ರ, ಅದರಲ್ಲಿ ಈ ಫ್ಲ್ಯಾಟಿಗೆ ಬರೆದ ಭೂಮಿಯ ಅವಿಭಜಿತ ಪಾಲು. ಈ ಕೊನೆಯದನ್ನು ಮರೆಯಬೇಡಿ. ಕಟ್ಟಡ ಸವೆದುಹೋಗುವ ವಸ್ತು, ಕೊನೆಗೆ ಉಳಿಯುವುದು ಆ ಪಾಲು. ಋಣಭಾರ ಪತ್ರ ಅಂದರೆ ಇಸಿಯನ್ನು ಕಾವೇರಿ 2.0 ತಾಣದಲ್ಲಿ ಮನೆಯಲ್ಲೇ ತೆಗೆಯಬಹುದು, ಆದರೆ ಆನ್‌ಲೈನ್ ದಾಖಲೆ ಸಾಮಾನ್ಯವಾಗಿ 2004ರಿಂದ ಈಚಿನದು. ಹಳೆಯದಕ್ಕೆ ಉಪನೋಂದಣಿ ಕಚೇರಿಗೆ ಹೋಗಬೇಕು. ನಗರ ಪ್ರದೇಶದಲ್ಲಿ ಈಗ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಪಂಚಾಯತ್ ವ್ಯಾಪ್ತಿಯಾದರೆ ನಮಗೆಲ್ಲ ಪರಿಚಯದ 9/11.

‘ಜಿಎಸ್‌ಟಿ ಇಲ್ಲ’, ‘ರೆರಾ ಅಪ್ರೂವ್ಡ್’, ‘1,100 ಚದರಡಿ’

ಜಿಎಸ್‌ಟಿ ಇಲ್ಲ ಎಂಬುದು ನಿಜ, ಆದರೆ ಅದು ಆಫರ್ ಅಲ್ಲ. ಒಬ್ಬರು ವಾಸಿಸಿದ ಹಳೆಯ ಫ್ಲ್ಯಾಟನ್ನು ಮಾರಿದರೆ ಜಿಎಸ್‌ಟಿ ಯಾರಿಗೂ ಇಲ್ಲ. ಮೆಸೇಜ್ ಹೇಳದಿರುವುದು ಬೇರೆ ಖರ್ಚನ್ನು. ಮುದ್ರಾಂಕ ಶುಲ್ಕ 5 ಶೇಕಡ, ಅದರ ಮೇಲೆ 10 ಶೇಕಡ ಸೆಸ್, ನಗರದಲ್ಲಿ 2 ಶೇಕಡ ಸರ್ಚಾರ್ಜ್. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ 1ರಿಂದ 2 ಶೇಕಡಕ್ಕೆ ಏರಿಸಲಾಗಿದೆ. 40 ಲಕ್ಷದ ಫ್ಲ್ಯಾಟಿಗೆ ಲೆಕ್ಕ ಹಾಕಿ: 2,00,000 + 20,000 + 4,000 + 80,000, ಒಟ್ಟು 3,04,000 ರೂಪಾಯಿ. ಸರಕಾರಿ ಮಾರ್ಗಸೂಚಿ ದರ ಇದಕ್ಕಿಂತ ಹೆಚ್ಚಿದ್ದರೆ ಲೆಕ್ಕ ಆ ದರದ ಮೇಲೆ.

ರೆರಾ ನೋಂದಣಿ ಇರುವುದು ಬಿಲ್ಡರ್ ಮಾರುವ ಯೋಜನೆಗಳಿಗೆ. 2017ರ ಮೇ ತಿಂಗಳಿಗೆ ಮೊದಲೇ ಪೂರ್ಣಗೊಂಡು ಪ್ರಮಾಣಪತ್ರ ಪಡೆದ ಕಟ್ಟಡಕ್ಕೆ ರೆರಾ ನೋಂದಣಿ ಬೇಕಿಲ್ಲ, ಹಳೆಯ ಫ್ಲ್ಯಾಟನ್ನು ನವೀಕರಿಸಿದ್ದಕ್ಕಂತೂ ‘ಅಪ್ರೂವಲ್’ ಎಂಬುದೇ ಇಲ್ಲ. 20 ವರ್ಷ ಹಳೆಯ ಫ್ಲ್ಯಾಟಿಗೆ ರೆರಾ ಅಪ್ರೂವ್ಡ್ ಎಂದು ಬರೆದಿದ್ದರೆ ಬರೆದವರಿಗೆ ವಿಷಯ ಗೊತ್ತಿಲ್ಲ ಎಂದು ತಿಳಿಯಿರಿ. ಇನ್ನು 1,100 ಚದರಡಿ ಎಂಬುದು ಸಾಮಾನ್ಯವಾಗಿ ಸೂಪರ್ ಬಿಲ್ಟ್‌ಅಪ್, ಅಂದರೆ ಮೆಟ್ಟಿಲು, ಲಿಫ್ಟ್, ಕಾರಿಡಾರ್ ಎಲ್ಲ ಸೇರಿದ ಲೆಕ್ಕ. ಒಳಗೆ ಟೇಪ್ ಹಿಡಿದರೆ 800ರ ಆಸುಪಾಸು ಸಿಗಬಹುದು. ಟೇಪ್ ಕೊಂಡೊಯ್ಯಿರಿ.

‘ಮಾಲೀಕರು ವಿದೇಶದಲ್ಲಿದ್ದಾರೆ’ ಎಂಬ ಸಾಲು ಓದಿ ಮುಂದೆ ಹೋಗುವಂಥದ್ದಲ್ಲ. ಮಾರುವವರು ಅನಿವಾಸಿ ಭಾರತೀಯರಾದರೆ ಬೆಲೆ 50 ಲಕ್ಷಕ್ಕಿಂತ ಕಡಿಮೆ ಇದ್ದರೂ ಕೊಳ್ಳುವವರೇ ಆದಾಯ ತೆರಿಗೆ ಹಿಡಿದು ಕಟ್ಟಬೇಕು, ದರವೂ ಸಾಮಾನ್ಯ 1 ಶೇಕಡಕ್ಕಿಂತ ಬಹಳ ಹೆಚ್ಚು. ಹಿಡಿಯದಿದ್ದರೆ ಇಲಾಖೆ ಕೇಳುವುದು ನಿಮ್ಮನ್ನು. ಮುಂಗಡ ಕೊಡುವ ಮೊದಲೇ ಆಡಿಟರ್ ಹತ್ತಿರ ಮಾತಾಡಿ. ಪವರ್ ಆಫ್ ಅಟಾರ್ನಿ ಮೂಲಕ ಮಾರುವುದಾದರೆ ಅದು ಇನ್ನೂ ಜಾರಿಯಲ್ಲಿದೆಯೇ ಎಂದು ಮಾಲೀಕರನ್ನೇ ವಿಡಿಯೊ ಕಾಲ್‌ನಲ್ಲಿ ಕೇಳಿ. ಫ್ಲ್ಯಾಟ್ ನೋಡದೆ ‘ಟೋಕನ್’ ಎಂದು ಯುಪಿಐಯಲ್ಲಿ ಹಣ ಕಳಿಸಬೇಡಿ. ಫೋಟೊಗಳನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಬೇರೆ ಊರಿನ ಹೋಟೆಲಿನದ್ದೋ ಎಂದು ಒಮ್ಮೊಮ್ಮೆ ಅಲ್ಲೇ ತಿಳಿಯುತ್ತದೆ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನೀರು ಮತ್ತು ಗಾಳಿ

ದಡದ ಹತ್ತಿರದ ಬಾವಿ, ಬೋರ್‌ವೆಲ್‌ಗಳಲ್ಲಿ ಬೇಸಿಗೆಗೆ ಉಪ್ಪುನೀರು ಬರುವುದುಂಟು. ಏಪ್ರಿಲಿನಲ್ಲಿ ಟ್ಯಾಂಕರಿಗೆ ಎಷ್ಟು ಖರ್ಚಾಗುತ್ತದೆ ಎಂದು ಅಸೋಸಿಯೇಷನ್‌ನಲ್ಲಿ ಕೇಳಿ. ಮಂಗಳೂರಿನ ನಲ್ಲಿ ನೀರು ತುಂಬೆ ಅಣೆಕಟ್ಟಿನದು. ಅಂದರೆ ಸುಬ್ರಹ್ಮಣ್ಯ, ಕಡಬ ದಾಟಿ ಬಂದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುವ ಕುಮಾರಧಾರೆಯ ನೀರೂ ಅದರಲ್ಲಿದೆ. ನಮ್ಮಲ್ಲಿ ಹೊಳೆ ಬತ್ತಿದ ವರ್ಷ ಅಲ್ಲಿಯೂ ನಲ್ಲಿ ಬತ್ತುತ್ತದೆ. 2019ರ ಬೇಸಿಗೆಯಲ್ಲಿ ನಗರಕ್ಕೆ ನೀರಿನ ರೇಷನಿಂಗ್ ಮಾಡಿದ್ದರು.

‘ಸಮುದ್ರದ ಗಾಳಿ ಕುಡಿದರೆ ಅಸ್ತಮಾ ಗುಣವಾಗುತ್ತದೆ’ ಎಂಬ ಮಾತನ್ನು ನಂಬಿ ಅಜ್ಜಿಗಾಗಿ ಫ್ಲ್ಯಾಟ್ ನೋಡಬೇಡಿ. ಅಸ್ತಮಾ ಹಾಗೆ ಗುಣವಾಗುವ ಕಾಯಿಲೆಯಲ್ಲ. ತೇವ ಹೆಚ್ಚಿರುವ ಮನೆಯಲ್ಲಿ ಬೂಸ್ಟು, ಹಾಸಿಗೆಯ ಧೂಳುಹುಳ ಹೆಚ್ಚಿ ಕೆಲವರಿಗೆ ಉಬ್ಬಸ ಜಾಸ್ತಿಯೇ ಆಗುತ್ತದೆ.

ಯಾವಾಗ ನೋಡಲು ಹೋಗಬೇಕು?

ಆಟಿಯಲ್ಲಿ. ನವೀಕರಿಸಿದ ಫ್ಲ್ಯಾಟ್‌ಗಳಿಗೆ ಪೇಂಟ್ ಹೊಡೆಯಲು ಅನುಕೂಲ ಮಳೆ ಬಿಟ್ಟ ಮೇಲೆ, ತೋರಿಸಲು ಚೆಂದವೂ ಆಗಲೇ. ಜುಲೈ, ಆಗಸ್ಟಿನಲ್ಲಿ ಎರಡು ವಾರ ಬಿಡದೆ ಸುರಿದ ಮೇಲೆ ಹೋದರೆ ಪುಟ್ಟಿಯ ಹಿಂದಿನ ತೇವ ಉಬ್ಬಿರುತ್ತದೆ, ಸೋರುವ ಮೂಲೆ ಸೋರುತ್ತಿರುತ್ತದೆ, ಸಮುದ್ರ ಎಲ್ಲಿಯ ತನಕ ಬರುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಆಟಿಯಲ್ಲಿ ಶುಭಕಾರ್ಯ ಇಲ್ಲ ಎಂದು ಮನೆಯ ಹಿರಿಯರು ಹೇಳಿದರೆ ಹೇಳಲಿ. ಅಗ್ರಿಮೆಂಟ್ ಸೋಣಕ್ಕೆ ಇಟ್ಟುಕೊಳ್ಳಿ, ಟಾರ್ಚ್ ಹಿಡಿದು ಪಾರ್ಕಿಂಗಿನ ಕಂಬ ನೋಡಿಬರಲು ಮುಹೂರ್ತ ಬೇಕಿಲ್ಲ.